ಗಂಡನಿಗಿಂತ ಒಂದು ದಿನ ಹಿಂದೆ ಬರುತ್ತಿದ್ದ ಶಿಳ್ಳೆ ಅಕ್ಕ

ಶಿಳ್ಳೆ ಅಕ್ಕನ ಸುದ್ದಿ ಮೊದಲು ನನ್ನ ಕಿವಿಗೆ ಬಿದ್ದ ದಿನ ನಾನು ಮಹಡಿ ಕೋಣೆಯ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯುತ್ತಿದ್ದೆ. ನಮ್ಮವರು ಊರಿನ ಸಭಾಂಗಣ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಮಧ್ಯಾಹ್ನ ಮನೆಗೆ ಬಂದವರು ಬೀಗದ ಕೈಗೊಂಚಲನ್ನು ಮೊಳೆಗೆ ತಗುಲಿಸಿ, "ಈ ಸಲ ಮೂರನೇ ದಿನ ಪಿಟೀಲಿನವರು ಬರಲ್ಲ. ಬದಲಿಗೆ ಒಬ್ಬ ಹೆಂಗಸು ಬರ್ತಾಳಂತೆ. ಶಿಳ್ಳೆ ಹಾಕ್ತಾಳಂತೆ" ಅಂದರು.

ನನ್ನ ಕೋಲು ಗಾಳಿಯಲ್ಲೇ ನಿಂತಿತು. ಒಳಗೆ ಕೂತಿದ್ದ ನಮ್ಮತ್ತೆ, "ಯಾರಿಗೆ ಹಾಕ್ತಾಳಂತೆ?" ಅಂತ ಕೇಳಿದರು.

"ಯಾರಿಗೂ ಅಲ್ಲಮ್ಮ. ಹಕ್ಕಿಗಳ ಥರ. ವೇದಿಕೆ ಮೇಲೆ ನಿಂತು."

"ವೇದಿಕೆ ಮೇಲೆ ನಿಂತು ಶಿಳ್ಳೆ ಹಾಕೋಳು ರಾತ್ರಿ ನಮ್ಮ ಮಹಡಿ ಮೇಲೆ ಮಲಗ್ತಾಳೆ." ಅಂದರು ಅತ್ತೆ. "ನನಗೆ ಮುಂದಿನ ಸಾಲಲ್ಲಿ ಜಾಗ ಇಡು. ಕಣ್ಣಾರೆ ನೋಡದೆ ಯಾರನ್ನೂ ಬಯ್ಯಬಾರದು."

ಆ ಕಾಲದಲ್ಲಿ ಸಂಜೆಯಾದರೆ ಜನಕ್ಕೆ ಮಾಡಲು ಏನೂ ಇರುತ್ತಿರಲಿಲ್ಲ. ರೇಡಿಯೋ ಇದ್ದದ್ದು ಡಾಕ್ಟರ ಮನೆಯಲ್ಲೊಂದೇ, ಅದೂ ಅವರ ರೋಗಿಗಳ ಹಾಗೆ ಕೆಮ್ಮುತ್ತಿತ್ತು. ದೊಡ್ಡ ಊರಿನ ಒಂದು ಕಂಪನಿ ಭಾಷಣದವರನ್ನೂ ಆಟದವರನ್ನೂ ಊರಿಂದ ಊರಿಗೆ ಕಳಿಸುತ್ತಿತ್ತು. ನಾವು ಅದನ್ನು 'ಸುತ್ತು' ಅನ್ನುತ್ತಿದ್ದೆವು, ಬರುವವರನ್ನು 'ಸುತ್ತಿನವರು' ಅನ್ನುತ್ತಿದ್ದೆವು. ವರ್ಷಕ್ಕೆ ಎರಡು ಮೂರು ಸಲ ಬರುತ್ತಿದ್ದರು, ದಿನಕ್ಕೊಬ್ಬರಂತೆ. ಮೊದಲ ದಿನ ಜಾದೂಗಾರ. ಅವನು ಬೆಳಗಿನ ಬಸ್ಸಿಗೆ ಮುಂದಿನ ಊರಿಗೆ ಹೊರಟರೆ, ಮಧ್ಯಾಹ್ನದ ಬಸ್ಸಿಗೆ ಹಿಂದಿನ ಊರಿನಿಂದ ನಿದ್ದೆ ಮೇಷ್ಟ್ರು ಇಳಿಯುತ್ತಿದ್ದರು. ಅವರು ಹೋದ ಮೇಲೆ ಪಿಟೀಲಿನವರು. ಕೊನೆಗೆ ಕಬ್ಬಿಣದ ಸಲಾಕೆ ಬಗ್ಗಿಸುವವನು. ಎಲ್ಲರೂ ಮಲಗುತ್ತಿದ್ದದ್ದು ನಮ್ಮ ಮಹಡಿಯ ಒಂದೇ ಮಂಚದಲ್ಲಿ. ಸಲಾಕೆಯವನು ಮಲಗಿ ಎದ್ದು ಹೋದ ದಿನ ನಮ್ಮವರು ಮಂಚದ ಕಾಲಿಗೆ ಹೊಸ ಮೊಳೆ ಹೊಡೆಯುತ್ತಿದ್ದರು.

ಈ ಸುತ್ತಿನಲ್ಲಿ ಯಾರೂ ಒಂದು ದಿನ ಹೆಚ್ಚಿಗೆ ನಿಲ್ಲುವ ಹಾಗಿರಲಿಲ್ಲ. ನಿಂತರೆ ಹಿಂದಿನವರು ಬಂದು ಅವರ ಮೇಲೇ ಬೀಳಬೇಕು, ಮುಂದಿನ ಊರಿನವರು ಖಾಲಿ ವೇದಿಕೆ ನೋಡುತ್ತ ಕೂತು ಕುರ್ಚಿ ಮುರಿಯಬೇಕು. ಜ್ವರ ಬಂದರೂ ನಡೆ, ಹಲ್ಲು ನೋವು ಬಂದರೂ ನಡೆ. ಒಂದು ಸಲ ಜಾದೂಗಾರ ವಾಂತಿ ಮಾಡಿಕೊಳ್ಳುತ್ತಲೇ ಬಸ್ಸು ಹತ್ತಿದ್ದನ್ನು ನಾನೇ ನೋಡಿದ್ದೇನೆ.

ನಿದ್ದೆ ಮೇಷ್ಟ್ರ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅವರ ಭಾಷಣ 'ನಿದ್ರೆ ಮತ್ತು ಅದರ ಉಪಯೋಗಗಳು.' ಮನುಷ್ಯನ ತಲೆಯನ್ನು ಅರ್ಧಕ್ಕೆ ಸೀಳಿದ ಒಂದು ಬಣ್ಣದ ಚಿತ್ರ ತೂಗುಹಾಕಿ, ಉದ್ದನೆಯ ಕಡ್ಡಿ ಹಿಡಿದು, ತೊಟ್ಟಿಲು ತೂಗುವ ದನಿಯಲ್ಲಿ ಮಾತಾಡುತ್ತಿದ್ದರು. ಊರಿನಲ್ಲಿ ನಿದ್ದೆ ಬಾರದವರೆಲ್ಲ ಟಿಕೆಟ್ ತೆಗೆದುಕೊಳ್ಳುತ್ತಿದ್ದರು. ಅರ್ಧ ಗಂಟೆಯೊಳಗೆ ಸಭಾಂಗಣ ಪೂರ್ತಿ ಮಲಗಿರುತ್ತಿತ್ತು. ಭಾಷಣ ಮುಗಿದ ತಕ್ಷಣ ನಮ್ಮವರು ಎಲ್ಲ ದೀಪ ಒಟ್ಟಿಗೆ ಹಾಕುತ್ತಿದ್ದರು. ಜನ ಗಾಬರಿಯಿಂದ ಎದ್ದು, ತಾವು ಮಲಗಿದ್ದು ಗೊತ್ತಾಗದಿರಲಿ ಅಂತ ಕೈ ಉರಿಯುವಷ್ಟು ಚಪ್ಪಾಳೆ ತಟ್ಟುತ್ತಿದ್ದರು. ಸುತ್ತಿನಲ್ಲೆಲ್ಲ ಅತಿ ಜೋರು ಚಪ್ಪಾಳೆ ಮೇಷ್ಟ್ರಿಗೇ. ಅವರು ಮೂರು ದಿಕ್ಕಿಗೂ ಕೈಮುಗಿದು, "ಮಹನೀಯರೇ, ತಾಯಂದಿರೇ, ಇಷ್ಟು ಹೊತ್ತು ಎಚ್ಚರವಾಗಿದ್ದು ಕೇಳಿದಿರಿ, ನಾನು ನಿಮಗೆ ಋಣಿ" ಅನ್ನುತ್ತಿದ್ದರು. ಯಾರೂ ತಲೆ ಎತ್ತುತ್ತಿರಲಿಲ್ಲ.

ಆ ವರ್ಷ ಮೇಷ್ಟ್ರು ಹೋದ ಮಧ್ಯಾಹ್ನ ಶಿಳ್ಳೆ ಹಾಕುವ ಹೆಂಗಸು ಬಂದಳು. ನಾವೇನೋ ಬಣ್ಣ ಬಳಿದುಕೊಂಡವಳನ್ನು ಕಾಯುತ್ತಿದ್ದೆವು. ಬಂದವಳು ನನ್ನ ದೊಡ್ಡಮ್ಮನ ಹಾಗಿದ್ದಳು. ದಪ್ಪ ಕಾಲು, ಕೈಯಲ್ಲಿ ಕೊಡೆ, ಕಂಕುಳಲ್ಲಿ ಒಂದು ಗಂಟು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, "ಕುಡಿಯೋಕೆ ಬಿಸಿನೀರು ಸಿಗುತ್ತಾ ತಂಗಿ? ತಣ್ಣೀರು ಕುಡಿದರೆ ಗೂಬೆ ಕೈಕೊಡುತ್ತೆ" ಅಂದಳು.

ಸಂಜೆ ಅತ್ತೆ ಮುಂದಿನ ಸಾಲಿನಲ್ಲಿ ಸೆರಗು ಬಿಗಿಯಾಗಿ ಹೊದ್ದು ಕೂತರು. ಶಿಳ್ಳೆ ಹಾಕುವವಳು ತುಟಿಗೆ ಒಂದಿಷ್ಟು ಬೆಣ್ಣೆ ಸವರಿಕೊಂಡು ದೀಪದ ಮುಂದೆ ನಿಂತಳು. ಮೊದಲು ಗುಬ್ಬಚ್ಚಿ. ಆಮೇಲೆ ಜಗಳವಾಡುವ ಎರಡು ಗುಬ್ಬಚ್ಚಿ. ಆಮೇಲೆ ಕಾಗೆ ಬಂದಾಗ ಇಡೀ ಸಭೆ ಮೇಲೆ ನೋಡಿತು, ಒಬ್ಬ ಮುದುಕರು ಟೋಪಿಗೆ ಕೈ ಅಡ್ಡ ಹಿಡಿದರು. ಮನೆಗೆ ಬರುತ್ತ ನಾನು, "ಏನತ್ತೆ, ಬಯ್ಯಲಿಲ್ಲ?" ಅಂದೆ.

"ಬಯ್ಯೋಣ ಅಂತಲೇ ಹೋದೆ" ಅಂದರು. "ಆ ಕಾಗೆ ಬಂದು ಎಲ್ಲ ಮರೆತುಹೋಯ್ತು."

ಊಟವಾದ ಮೇಲೆ ಶಿಳ್ಳೆ ಅಕ್ಕ ಮಲಗಲು ಮಹಡಿಗೆ ಹೋದಳು. ನಾನು ನೀರಿನ ತಂಬಿಗೆ ಇಡಲು ಹೋದಾಗ ಅವಳು ದಿಂಬನ್ನು ಮುಖಕ್ಕೆ ಒತ್ತಿಕೊಂಡು ನಿಂತಿದ್ದಳು. ಅವತ್ತು ಕೆಲಸದ ಗಡಿಬಿಡಿಯಲ್ಲಿ ನಾನು ದಿಂಬಿನ ಚೀಲ ಬದಲಿಸಿರಲಿಲ್ಲ, ನನಗೆ ನಾಚಿಕೆಯಾಯಿತು.

"ಬೇರೆ ಚೀಲ ತರ್ತೀನಿ ಅಕ್ಕ."

"ಬೇಡ ಬೇಡ. ಈ ಎಣ್ಣೆ ಹಚ್ಚಬೇಡಿ ಅಂತ ಎಷ್ಟು ಸಲ ಹೇಳಿದ್ದೀನಿ, ಮತ್ತೆ ಅದನ್ನೇ ಹಚ್ಕೊಂಡಿದ್ದಾರೆ ನೋಡು." ಹಾಗಂದು ದಿಂಬನ್ನು ಇನ್ನೊಮ್ಮೆ ಮೂಸಿದಳು. "ನಿನ್ನೆ ಇಲ್ಲಿ ಮಲಗಿದ್ದರಲ್ಲ, ಅವರು ನಮ್ಮ ಯಜಮಾನರು. ಏನಾದರೂ ಹೇಳಿ ಹೋದರಾ?"

ನಾನು ಹಾಸಿಗೆಯ ಅಂಚಿನ ಮೇಲೆ ಕೂತುಬಿಟ್ಟೆ. ಆಮೇಲೆ ಅವಳೇ ಎಲ್ಲ ಹೇಳಿದಳು. ಮದುವೆಗೆ ಮುಂಚೆ ಅವಳ ಊರಿಗೆ ಮೇಷ್ಟ್ರು ಭಾಷಣಕ್ಕೆ ಹೋಗಿದ್ದರು. ಊರೆಲ್ಲ ಮಲಗಿದ್ದಾಗ ಎಚ್ಚರವಾಗಿದ್ದವಳು ಇವಳೊಬ್ಬಳೇ. "ಪೂರ್ತಿ ಕೇಳಿದೆ ತಂಗಿ. ಆಕಳಿಸಲೂ ಇಲ್ಲ. ಮಾರನೇ ದಿನವೇ ಅವರು ನಮ್ಮಪ್ಪನ ಹತ್ತಿರ ಬಂದು ಹೆಣ್ಣು ಕೇಳಿದರು." ಮದುವೆಯಾದ ಮೇಲೆ ಒಂದು ಬೇಸಿಗೆ ರಜೆಯಲ್ಲಿ ಅವಳು ಹಿತ್ತಲಲ್ಲಿ ನಿಂತು ಪಕ್ಕದ ಮನೆಯ ಹುಂಜವನ್ನು ಅಣಕಿಸುತ್ತಿದ್ದಳು. ಮೇಷ್ಟ್ರನ್ನು ನೋಡಲು ಬಂದಿದ್ದ ಕಂಪನಿಯ ಮ್ಯಾನೇಜರು ಅದನ್ನು ಕೇಳಿದ. ಅವನಿಗೆ ಪಿಟೀಲಿನವರ ಜಾಗ ತುಂಬಬೇಕಾಗಿತ್ತು. ಹೀಗೆ ಅವಳನ್ನು ಸುತ್ತಿಗೆ ಸೇರಿಸಿದ, ಗಂಡನಿಗಿಂತ ಸರಿಯಾಗಿ ಒಂದು ದಿನ ಹಿಂದೆ.

"ಅಂದ್ರೆ ಅವರು ನಿಮ್ಮ ಆಟ ನೋಡೇ ಇಲ್ವಾ?"

"ಹೇಗೆ ನೋಡ್ತಾರೆ? ನಾನು ಇಳಿಯೋ ಹೊತ್ತಿಗೆ ಅವರು ಮುಂದಿನ ಊರಲ್ಲಿ ಯಾರನ್ನೋ ಮಲಗಿಸ್ತಿರ್ತಾರೆ. ಕೇಳಿದರೆ, ಮನೇಲಿ ಕೇಳಿದ್ದೀನಲ್ಲ ಅಂತಾರೆ. ಅಡುಗೆಮನೇಲಿ ಪಾತ್ರೆ ತೊಳೀತಾ ಹಾಕೋ ಶಿಳ್ಳೆ ಬೇರೆ, ದೀಪದ ಮುಂದೆ ನಿಂತು ಹಾಕೋದು ಬೇರೆ. ನಾನು ಅವರದ್ದು ಪೂರ್ತಿ ಕೇಳಿದ್ದೀನಿ. ಅವರು ನನ್ನದು ಒಂದೇ ಒಂದು ಸಲ ಕೂತು ಕೇಳಲಿ. ನನಗೆ ಇನ್ನೇನೂ ಬೇಡ."

ಅವತ್ತಿನಿಂದ ನಾನು ಎರಡನೇ ದಿನದ ದಿಂಬಿನ ಚೀಲವನ್ನು ಮೂರನೇ ದಿನ ಬದಲಿಸಲೇ ಇಲ್ಲ. ಸಲಾಕೆಯವನು ಬರುವ ಮುಂಚೆ ಒಗೆಯುತ್ತಿದ್ದೆ.

ಮುಂದಿನ ಸುತ್ತಿನಿಂದ ಗಂಡಹೆಂಡಿರ ಸಂಸಾರ ನನ್ನ ಬಾಯಿಯಲ್ಲಿ ನಡೆಯತೊಡಗಿತು. ಬೆಳಿಗ್ಗೆ ಮೇಷ್ಟ್ರು ಬಸ್ಸಿಗೆ ಹೊರಡುವಾಗ, "ತಾಯಿ, ಅವಳಿಗೆ ಹೇಳಿ, ಹೊಸ ಕೊಡೆ ಮರೆತು ಬರಬಾರದು ಅಂತ" ಅನ್ನುತ್ತಿದ್ದರು. ಮಧ್ಯಾಹ್ನ ಅವಳು ಕೊಡೆಯಿಲ್ಲದೆ ಇಳಿಯುತ್ತಿದ್ದಳು. ಅವಳ ಉತ್ತರ ಅವರಿಗೆ ಸಿಗಬೇಕಾದರೆ ಸುತ್ತು ಇನ್ನೊಮ್ಮೆ ಬರಬೇಕು. ಒಂದು ಸಲ ಮೇಷ್ಟ್ರು, "ಕಂದು ಕೋಟಿನ ಗುಂಡಿ ಎಲ್ಲಿಟ್ಟಿದ್ದಾಳೆ ಕೇಳಿ" ಅಂದರು. ಗುಂಡಿ ಟ್ರಂಕಿನ ತಳದಲ್ಲಿದೆ ಅಂತ ನಾನು ಅವರಿಗೆ ಹೇಳುವ ಹೊತ್ತಿಗೆ ಕೋಟನ್ನು ಇಲಿ ತಿಂದಿತ್ತು.

ಜಗಳವನ್ನಾದರೂ ಹೇಗೋ ದಾಟಿಸಬಹುದು. ಒಂದು ಬೆಳಿಗ್ಗೆ ಮೇಷ್ಟ್ರು ಚೀಲ ಹಿಡಿದು ನಿಂತು, ಗಂಟಲು ಸರಿಮಾಡಿಕೊಂಡು, ಹೆಂಡತಿಗೆ ಹೇಳಬೇಕಾದ ಎರಡು ಪ್ರೀತಿಯ ಮಾತನ್ನು ನನಗೆ ಹೇಳಿ ಹೋದರು. ನಾನಾಗ ಚಿಕ್ಕವಳು, ನನ್ನ ಗಂಡನಿಂದಲೇ ಅಂಥ ಮಾತು ಕೇಳಿದವಳಲ್ಲ. "ನನ್ನಿಂದಾಗಲ್ಲ, ನೀವೇ ಹೇಳಿ" ಅಂತ ನಮ್ಮವರ ತಲೆಗೆ ಕಟ್ಟಿದೆ. ಅವರು ಮಧ್ಯಾಹ್ನ ಶಿಳ್ಳೆ ಅಕ್ಕನ ಎದುರು ಬೀಗದ ಕೈಗೊಂಚಲು ತಿರುಗಿಸುತ್ತ ನಿಂತು, ಗೋಡೆ ನೋಡಿಕೊಂಡು, "ಮೇಷ್ಟ್ರು ಹೇಳಿದ್ದಾರೆ. ಗಂಡಸರು ಏನು ಹೇಳ್ತಾರೋ ಅದು" ಅಂದು ಹೊರಟುಹೋದರು.

"ಅಷ್ಟೇನಾ?" ಅಂದಳು ಅಕ್ಕ.

"ಇನ್ನೂ ಇತ್ತು. ಆದರೆ ಇವರು ಅಷ್ಟು ಹೇಳಿದ್ದೇ ಹೆಚ್ಚು" ಅಂದೆ.

ಹೀಗೆ ಕೆಲವು ವರ್ಷ ಹೋದವು. ಪ್ರತಿ ಸುತ್ತಿನಲ್ಲೂ ಅವಳದು ಅದೇ ಮಾತು: ಒಂದು ದಿನ ನಿಂತು ಕೇಳಲಿ. ಪ್ರತಿ ಸುತ್ತಿನಲ್ಲೂ ಅವರದು ಅದೇ ಉತ್ತರ: ನಾನು ನಿಂತರೆ ಮುಂದಿನ ಊರಿನವರ ಗತಿ ಏನು. ಅವಳು ತನಗೆ ವಯಸ್ಸಾಗುತ್ತಿದೆ, ಇನ್ನೆಷ್ಟು ದಿನ ಬಾಯಲ್ಲಿ ಗಾಳಿ ನಿಲ್ಲುತ್ತೋ ಅಂತ ಹೆದರಿದ್ದಳು. ನಗುನಗುತ್ತಲೇ ಹೇಳುತ್ತಿದ್ದಳು, ಆದರೆ ಹೇಳುವಾಗ ನಾಲಿಗೆಯಿಂದ ಮುಂದಿನ ಹಲ್ಲು ಅಲ್ಲಾಡಿಸಿ ನೋಡಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಬಸ್ಸಿಗೆಂದು ಹೋದ ಮೇಷ್ಟ್ರು ಚೀಲ ಸಮೇತ ವಾಪಸು ಬಂದರು. ಮುಂದಿನ ಊರಿನ ದಾರಿಯ ಸೇತುವೆಗೆ ಯಾವುದೋ ಲಾರಿ ಗುದ್ದಿ ಅರ್ಧ ಸೇತುವೆ ಹೊಳೆಯಲ್ಲಿ ಬಿದ್ದಿತ್ತು. ಅವತ್ತು ಆ ಕಡೆಗೆ ಬಸ್ಸಿಲ್ಲ. ನಮ್ಮತ್ತೆ ಅವರನ್ನು ಕೂರಿಸಿ ಚಹಾ ಕೊಟ್ಟು, "ಇವತ್ತು ನಿಮ್ಮನ್ನ ಆ ದೇವರೇ ತಡೆದು ನಿಲ್ಲಿಸಿದ್ದಾನೆ" ಅಂದರು. ಯಾತಕ್ಕೆ ಅಂತ ಮೇಷ್ಟ್ರಿಗೆ ತಿಳಿಯಲಿಲ್ಲ.

ಮಧ್ಯಾಹ್ನ ಅಕ್ಕ ಬಂದಾಗ ಅವರು ಮೆಟ್ಟಿಲ ಮೇಲೆ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ಅವಳು ಬೀದಿಯಲ್ಲೇ ನಿಂತಳು.

"ನೀವಿನ್ನೂ ಇಲ್ಲೇ ಇದ್ದೀರಾ?"

"ಸೇತುವೆ" ಅಂದರು ಮೇಷ್ಟ್ರು.

ಅವಳು ನನ್ನ ಕಡೆ ತಿರುಗಿದಳು. "ತಂಗಿ, ಅವರಿಗೆ ಹೇಳು, ಸಂಜೆ ಮುಂದಿನ ಸಾಲಲ್ಲಿ ಕೂರಬೇಕು ಅಂತ."

"ಅಕ್ಕ, ಅವರು ಇಲ್ಲೇ ಇದ್ದಾರೆ."

"ಗೊತ್ತು. ಹೇಳು."

ಹೇಳಿದೆ. ಮೇಷ್ಟ್ರು ಬೂಟು ಕೆಳಗಿಟ್ಟು, "ತಾಯಿ, ಕೂರ್ತೀನಿ ಅಂತ ಹೇಳಿ" ಅಂದರು.

ಅವತ್ತು ಅವಳು ಊಟ ಮಾಡಲಿಲ್ಲ. ಬಿಸಿನೀರು ಕುಡಿದಳು, ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು, ಮತ್ತೆ ಬಿಸಿನೀರು ಕುಡಿದಳು. ಎಂದಿನ ಗುಬ್ಬಚ್ಚಿ ಜಗಳದಿಂದ ಶುರುಮಾಡುವುದು ಬೇಡ, ಮುಸ್ಸಂಜೆ ಹಕ್ಕಿಗಳು ಗೂಡಿಗೆ ಬರುವುದನ್ನು ಮೊದಲು ಹಾಕುತ್ತೇನೆ ಅಂದಳು. ಅದು ಅವಳ ಅತಿ ಕಷ್ಟದ, ಅತಿ ಮೆಲುದನಿಯ ಆಟ. ಗದ್ದಲದ ಊರುಗಳಲ್ಲಿ ಅದನ್ನು ಹಾಕುತ್ತಲೇ ಇರಲಿಲ್ಲ.

ಸಭಾಂಗಣದಲ್ಲಿ ಮೇಷ್ಟ್ರ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಅತ್ತೆ. ಜೀವಮಾನವೆಲ್ಲ ಜನರ ಮುಖ ನೋಡಿದ ಮನುಷ್ಯನಿಗೆ ಜನರ ಜೊತೆ ಕೂರುವುದು ಗೊತ್ತಿರಲಿಲ್ಲ. ಕಾಲು ಎಲ್ಲಿಡಬೇಕು ತಿಳಿಯದೆ ಒದ್ದಾಡಿದರು. "ದೀಪ ಒಂದು ಚೂರು ಎಡಕ್ಕಿರಬೇಕಿತ್ತು" ಅಂದರು. "ಸುಮ್ಮನೆ ಕೂತ್ಕೊಳ್ಳಿ" ಅಂದರು ಅತ್ತೆ.

ದೀಪ ಮಂದವಾಯಿತು. ಅಕ್ಕ ಬಂದಳು, ಗಂಡನನ್ನು ನೋಡಿದಳು, ಕಣ್ಣು ಮುಚ್ಚಿಕೊಂಡು ಶುರುಮಾಡಿದಳು. ಎಲ್ಲೋ ದೂರದಲ್ಲಿ ಒಂದು ಹಕ್ಕಿ. ಅದಕ್ಕೆ ಇನ್ನೊಂದರ ಉತ್ತರ. ಮರವೊಂದು ನಿಧಾನವಾಗಿ ತುಂಬುತ್ತಿದ್ದ ಹಾಗೆ. ನನ್ನ ಮೈ ನವಿರೆದ್ದಿತು. ಪಕ್ಕಕ್ಕೆ ತಿರುಗಿ ನೋಡಿದರೆ ಮೇಷ್ಟ್ರ ಗಲ್ಲ ಎದೆಗೆ ಮುಟ್ಟಿತ್ತು.

ಮೊಣಕೈಯಿಂದ ತಿವಿದೆ. ಏಳಲಿಲ್ಲ. ಅತ್ತೆ ಅವರ ತೊಡೆ ಚಿವುಟಿದರು. ಪಕ್ಕದ ಸಾಲಿನ ಹೆಂಗಸರು ಅದನ್ನು ನೋಡಿಬಿಟ್ಟರು, ಅತ್ತೆ ಬಿಸಿ ಪಾತ್ರೆ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು. ವೇದಿಕೆಯ ಮೇಲೆ ಪಾರಿವಾಳ ಗುಟುರು ಹಾಕುವಾಗ ಕೆಳಗಿನಿಂದ ಮೇಷ್ಟ್ರ ಗೊರಕೆ ಸೇರಿಕೊಂಡಿತು. ಎರಡೂ ಎಷ್ಟು ಹೊಂದಿಕೊಂಡವೆಂದರೆ ಹಿಂದಿನ ಸಾಲಿನವರು ಅದೂ ಆಟದ್ದೇ ಅಂದುಕೊಂಡರು.

ಹಕ್ಕಿಗಳೆಲ್ಲ ಗೂಡು ಸೇರಿದವು. ನಮ್ಮವರು ದೀಪ ಹಾಕಿದರು. ಜೋರು ಚಪ್ಪಾಳೆ ಬಿತ್ತು. ಚಪ್ಪಾಳೆ ಕೇಳಿದ್ದೇ ತಡ, ಮೇಷ್ಟ್ರು ಎದ್ದು ನಿಂತರು. ಜನರ ಕಡೆ ತಿರುಗಿದರು. ಮೂರು ದಿಕ್ಕಿಗೂ ಕೈಮುಗಿದು, "ಮಹನೀಯರೇ, ತಾಯಂದಿರೇ, ಇಷ್ಟು ಹೊತ್ತು ಎಚ್ಚರವಾಗಿದ್ದು ಕೇಳಿದಿರಿ, ನಾನು ನಿಮಗೆ ಋಣಿ" ಅಂದರು.

ವೇದಿಕೆಯ ಮೇಲೆ ಅಕ್ಕನ ಮುಖ ಕೆಂಪಾಗಿತ್ತು. ಅವಳು ಎರಡು ಹೆಜ್ಜೆ ಮುಂದೆ ಬಂದು, ಸೊಂಟಕ್ಕೆ ಕೈಯಿಟ್ಟು, ಗಂಡನ ಬೆನ್ನಿಗೆ ಗುರಿಯಿಟ್ಟು, ಬೆಳಗಿನ ಹುಂಜ ಕೂಗಿದಳು. ಮೇಷ್ಟ್ರು ಬೆಚ್ಚಿಬಿದ್ದು ಅತ್ತೆಯ ತೊಡೆಯ ಮೇಲೇ ಕೂತರು. ಆಮೇಲೆ ಆದ ನಗುವನ್ನು ಏನು ಹೇಳಲಿ. ಕುರ್ಚಿಗಳು ಮಗುಚಿದವು. ಟೋಪಿಯ ಮುದುಕರಿಗೆ ಬಿಕ್ಕಳಿಕೆ ಹತ್ತಿತು. ಯಾವತ್ತೂ ನಗದ ನಮ್ಮವರು ದೀಪದ ಗುಂಡಿ ಹಿಡಿದುಕೊಂಡೇ ನೆಲಕ್ಕೆ ಕುಸಿದರು.

ಮನೆಯಲ್ಲಿ ತಟ್ಟೆಯ ಮುಂದೆ ಇಬ್ಬರೂ ಎದುರುಬದುರು ಕೂತರು, ಮಧ್ಯೆ ನಾನು.

"ತಂಗಿ, ಅವರಿಗೆ ಹೇಳು, ಇಷ್ಟು ವರ್ಷ ಕಾದಿದ್ದಕ್ಕೆ ಒಳ್ಳೇ ಮರ್ಯಾದೆ ಮಾಡಿದರು ಅಂತ."

"ತಾಯಿ, ಅವಳಿಗೆ ಹೇಳಿ. ದಿನಕ್ಕೊಂದು ಊರು, ದಿನಕ್ಕೊಂದು ಮಂಚ. ಊರಿಗೆಲ್ಲ ನಿದ್ದೆ ಬರಿಸ್ತೀನಿ, ನನಗೆ ಬರಲ್ಲ. ಇಷ್ಟು ವರ್ಷದಲ್ಲಿ ನನ್ನನ್ನ ಮಲಗಿಸಿದವಳು ಇವಳೊಬ್ಬಳೇ. ನಿದ್ದೆ ವಿಷಯ ತಿಳಿದವನು ಹೇಳ್ತಿದ್ದೀನಿ, ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ."

"ಹೊಗಳಿಕೆಯಂತೆ. ಅವರ ಭಾಷಣದಲ್ಲಿ ನಾನೂ ಹೀಗೇ ಹೊಗಳಿದ್ದಿದ್ದರೆ ಮದುವೆ ಆಗ್ತಿದ್ದರಾ ಕೇಳು."

ಮೇಷ್ಟ್ರು ತಟ್ಟೆಯ ಅನ್ನವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳಿದರು. ಅಕ್ಕನ ಕಣ್ಣಲ್ಲಿ ನೀರು ತುಂಬಿದ್ದು ನನಗೆ ಆಗ ಕಾಣಿಸಿತು.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಸೇತುವೆ ಮುರಿದ ಸುದ್ದಿ ಕೇಳಿ ಸುತ್ತನ್ನು ಸರಿಮಾಡಲು ಓಡಿಬಂದಿದ್ದ ಕಂಪನಿಯ ಮ್ಯಾನೇಜರು. ಅವನು ಸಭಾಂಗಣದ ಹಿಂದೆ ನಿಂತು ಎಲ್ಲವನ್ನೂ ನೋಡಿದ್ದ. ನಕ್ಕು ನಕ್ಕು ಅವನ ಕಣ್ಣು ಇನ್ನೂ ಊದಿತ್ತು. "ಇದನ್ನೇ ದಿನಾ ಮಾಡಿ" ಅಂದ. "ಇಬ್ಬರೂ ಒಂದೇ ದಿನ, ಒಂದೇ ಆಟ. ಮೇಷ್ಟ್ರು ಮುಂದಿನ ಸಾಲಲ್ಲಿ ಮಲಗಲಿ, ಎದ್ದು ಕೈಮುಗೀಲಿ, ನೀವು ಹುಂಜ ಕೂಗಿ. ಖಾಲಿಯಾಗೋ ದಿನಕ್ಕೆ ಇನ್ಯಾರನ್ನಾದರೂ ಹಾಕ್ತೀನಿ."

"ಆಗಲ್ಲ" ಅಂದಳು ಅಕ್ಕ. "ಒಂದು ಸಲ ಮಲಗಿದ್ದೇ ಸಾಕು. ದಿನಾ ನನ್ನ ಮುಂದೆ ಮಲಗೋದನ್ನ ನೋಡೋಕೆ ನನ್ನ ಕೈಲಾಗಲ್ಲ. ಅದಕ್ಕಿಂತ ಒಂದು ದಿನ ಹಿಂದೆ ಇರೋದೇ ವಾಸಿ."

ಮೂಲೆಯಲ್ಲಿ ಗಂಜಿ ಕುಡಿಯುತ್ತಿದ್ದ ನಮ್ಮತ್ತೆ ಬಟ್ಟಲು ಕೆಳಗಿಟ್ಟರು.

"ಅಲ್ವೇ ಹುಚ್ಚಿ, ಸುಳ್ಳು ನಿದ್ದೆ ಮಾಡೋನಿಗೆ ನಿಜವಾದ ನಿದ್ದೆ ಹೇಗೆ ಬರುತ್ತೆ? ಯಾವಾಗ ಗೊರಕೆ ಹೊಡೀಬೇಕು, ಯಾವಾಗ ಏಳಬೇಕು ಅಂತ ಕಾಯ್ತಾ ಇರಬೇಕಲ್ಲ. ಕಣ್ಣು ಮುಚ್ಕೊಂಡು ಪೂರ್ತಿ ಕಿವಿಯಾಗಿ ಮಲಗಿರ್ತಾನೆ. ಒಂದು ಹಕ್ಕೀನೂ ಬಿಡೋ ಹಾಗಿಲ್ಲ."

"ನಿಮಗೆ ಹೇಗೆ ಗೊತ್ತು ಅತ್ತೆ?" ಅಂದೆ ನಾನು.

"ಗೊತ್ತಿಲ್ದೆ ಏನು? ನೀನು ಈ ಮನೆಗೆ ಬಂದಾಗಿಂದ ನಿಮ್ಮಿಬ್ಬರ ಮಾತು ನಾನು ಕೇಳ್ತಿರೋದು ಹಾಗೇ ಅಲ್ವಾ?"

ನಾನೂ ನಮ್ಮವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಷ್ಟು ವರ್ಷದಲ್ಲಿ ಅತ್ತೆಯ ಬಗ್ಗೆ ಆಡಿದ್ದೆಲ್ಲ ನನ್ನ ಕಣ್ಣ ಮುಂದೆ ಮೆರವಣಿಗೆ ಹೊರಟಿತು.

ಅಕ್ಕ ಮಾತ್ರ ಅತ್ತೆಯನ್ನೇ ನೋಡುತ್ತಿದ್ದಳು. ಆಮೇಲೆ ನಿಧಾನವಾಗಿ ಗಂಡನ ಕಡೆ ತಿರುಗಿ, ಆ ರಾತ್ರಿ ಮೊದಲ ಸಲ ನಡುವೆ ನಾನಿಲ್ಲದೆ ನೇರವಾಗಿ, "ಹೌದೇನ್ರೀ? ಎಚ್ಚರವಾಗಿರ್ತೀರಾ?" ಅಂದಳು.

"ಇರಲೇಬೇಕಾಗುತ್ತೆ" ಅಂದರು ಮೇಷ್ಟ್ರು.

ಅಲ್ಲಿಂದ ಮುಂದೆ ಅವರು ಸುತ್ತಿನಲ್ಲಿ ಒಟ್ಟಿಗೆ ನಡೆದರು. ನಮ್ಮ ಮಹಡಿಯ ಮಂಚ ಇಬ್ಬರಿಗೆ ಸಾಲದೆ ನಮ್ಮವರು ಒಂದು ಹಲಗೆ ಜೋಡಿಸಿದರು. ನನ್ನ ದೂತಿಯ ಕೆಲಸ ಹೋಯಿತು, ಬಾಯಿಗೆ ವಿಶ್ರಾಂತಿ ಸಿಕ್ಕಿತು. ಅಕ್ಕನ ಅನುಮಾನ ಆಮೇಲೂ ಹೋಗಲಿಲ್ಲ. ಹೇಳದೆ ಕೇಳದೆ ನಡುವೆ ಒಂದು ಹೊಸ ಹಕ್ಕಿ ಸೇರಿಸುತ್ತಿದ್ದಳು. ಮುಂದಿನ ಸಾಲಿನಲ್ಲಿ ಮೇಷ್ಟ್ರ ಗೊರಕೆ ಒಂದು ಗಳಿಗೆ ತಪ್ಪುತ್ತಿತ್ತು. ಅದನ್ನು ಕೇಳಿ ಅವಳ ತುಟಿ ಅರಳಿ, ಶಿಳ್ಳೆ ಕೆಡುತ್ತಿತ್ತು. "ನಗಿಸಬೇಡಿ ಅಂತ ಹೇಳು ತಂಗಿ" ಅನ್ನುತ್ತಿದ್ದಳು. ನಾನು ಹೇಳುತ್ತಿರಲಿಲ್ಲ.

ಸಿನಿಮಾ ಬಂತು, ಮನೆಮನೆಗೆ ರೇಡಿಯೋ ಬಂತು. ಸುತ್ತಿಗೆ ಜನ ಬರುವುದು ಕಡಿಮೆಯಾಗಿ, ಒಂದು ವರ್ಷ ಜಾದೂಗಾರನ ಹಿಂದೆ ಯಾರೂ ಬರಲಿಲ್ಲ. ಸಭಾಂಗಣ ಕುರ್ಚಿ ಮೇಜು ಮಾರುವ ಅಂಗಡಿಯಾಯಿತು. ಜೀವಮಾನವೆಲ್ಲ ಊರೂರು ತಿರುಗಿದ ಆ ಇಬ್ಬರು ನೆಲೆ ನಿಲ್ಲಲು ನಮ್ಮ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ ಹಿಡಿದರು. ಮೊದಮೊದಲು ಬೆಳಗಿನ ಬಸ್ಸಿನ ಸದ್ದಿಗೆ ಮೇಷ್ಟ್ರು ಚೀಲ ಹುಡುಕುತ್ತಿದ್ದರು.

ಮೇಷ್ಟ್ರು ಹೋದದ್ದು ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದ್ದಾಗ. ಅಕ್ಕ ಅವರನ್ನು ಎಬ್ಬಿಸಲು ಹುಂಜ ಕೂಗಿದಳಂತೆ. ಏಳದೇ ಇದ್ದಾಗ, ಸುಳ್ಳು ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡು ಇನ್ನೊಮ್ಮೆ ಕೂಗಿದಳಂತೆ. ಅದನ್ನು ಅವಳು ನನಗೆ ಅಳದೇ ಹೇಳಿದಳು, ಅತ್ತಿದ್ದು ನಾನು. ಅದಾದ ಮೇಲೆ ನಮ್ಮತ್ತೆ ಹೋದರು, ನಮ್ಮವರೂ ಹೋದರು. ನನ್ನ ಮಗಳು ಮದುವೆಯಾಗಿ ಗಂಡನ ಊರಿಗೆ ಹೋಗಿದ್ದಳು, ನಾವಿಬ್ಬರು ಮುದುಕಿಯರು ಉಳಿದೆವು.

ಅಕ್ಕನ ಮುಂದಿನ ಹಲ್ಲುಗಳು ಉದುರಿ ಶಿಳ್ಳೆ ಹಾಕಿದರೆ ಬರೀ ಗಾಳಿ ಬರತೊಡಗಿತು. ಹಲ್ಲಿನ ಡಾಕ್ಟರು ಒಂದು ಸೆಟ್ಟು ಮಾಡಿಕೊಟ್ಟರು. ಎರಡೇ ದಿನಕ್ಕೆ ವಾಪಸು ತೆಗೆದುಕೊಂಡು ಹೋದಳು.

"ಅಗಿಯೋಕೆ ಆಗಲ್ವಾ ಅಜ್ಜಿ?" ಅಂದರಂತೆ ಅವರು.

"ಅಗಿಯೋಕೆ ಚೆನ್ನಾಗಿದೆ. ಗೂಬೆ ಬರಲ್ಲ."

ಡಾಕ್ಟರು ಒಳ್ಳೆಯವರು. ಮೂರು ಸಲ ತೇಯ್ದು ಕೊಟ್ಟರು. ಮೂರನೇ ಸಲಕ್ಕೆ ಗೂಬೆ ಬಂತು, ಪಾರಿವಾಳ ಬಂತು, ಮುಸ್ಸಂಜೆಯ ಹಕ್ಕಿಗಳು ಒಂದೊಂದಾಗಿ ಬಂದವು. ಅಷ್ಟರಲ್ಲಿ ಅವಳು ಹಾಸಿಗೆ ಹಿಡಿದಿದ್ದಳು. ಎದ್ದು ನಿಲ್ಲಲು ಆಗದಿದ್ದರೂ ದಿಂಬಿಗೆ ಒರಗಿ ಕೂತು ದಿನವೂ ಅಭ್ಯಾಸ ಮಾಡುತ್ತಿದ್ದಳು. ನಾನು ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋಗಿ, ಅವಳು ಶಿಳ್ಳೆ ಹಾಕುವುದನ್ನು ಕೂತು ಕೇಳಿ, ಚಪ್ಪಾಳೆ ತಟ್ಟಿ ಬರುತ್ತಿದ್ದೆ.

ಒಂದು ದಿನ ನಾನು ಬಟ್ಟಲು ತೊಳೆದಿಟ್ಟು ಹೊರಡುವಾಗ ಅಕ್ಕ ಕೈ ಹಿಡಿದುಕೊಂಡಳು. ಅವಳು ನನ್ನನ್ನು ಕೇಳಿದ ಕೊನೆಯ ಮಾತು ಅದು.

"ನಾಳೆ ಪೂರ್ತಿ ಆಟ ಹಾಕ್ತೀನಿ ತಂಗಿ. ನೀನು ಎಚ್ಚರವಾಗಿ ಕೂರ್ತೀಯ, ನೀನೊಬ್ಬಳೇ ಬಂದರೆ ಆಗಲ್ಲ. ನಿನ್ನ ಅಳಿಯ ಬಂದಿದ್ದಾನಲ್ಲ, ಕೂತಲ್ಲೇ ತೂಕಡಿಸ್ತಾನೆ ಅಂತಿದ್ದೆಯಲ್ಲ, ಅವನನ್ನ ಕರ್ಕೊಂಡು ಬಾ. ಇಲ್ಲಿ, ಮಂಚದ ಹತ್ತಿರ ಕೂರಿಸು. ಮಲಗಿದರೆ ತಿವೀಬೇಡ."